ಸೇತುವೆ ಗೂಡಿನ ಕೀಲಿಗಳು

ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದವನ ಬಲಗಾಲು, ನಿವೃತ್ತಿ ಆಯಿತು ಅಂದ ಮಾತ್ರಕ್ಕೆ ತೆಪ್ಪಗಿರುತ್ತದೆಯೇ? ಕಾಲುವೆಯ ಎತ್ತುಸೇತುವೆಯ ಪಕ್ಕದಲ್ಲಿ ಒಂದು ಮರದ ಗೂಡು. ಅದರೊಳಗೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕೂತ ನಮ್ಮ ಡ್ರೈವರಣ್ಣನ ಬಲಗಾಲು, ಸೇತುವೆಯ ಮೇಲೆ ನಾಯಿ ಅಡ್ಡ ಬಂದರೂ ನೆಲದ ಹಲಗೆಯನ್ನು ಒತ್ತುತ್ತಿತ್ತು, ಸೈಕಲ್ಲಿನವನು ಓಲಾಡಿದರೂ ಒತ್ತುತ್ತಿತ್ತು. ಮೂರು ತಿಂಗಳಲ್ಲಿ ಆ ಜಾಗದ ಹಲಗೆಯ ಬಣ್ಣ ಪೂರ್ತಿ ಎದ್ದುಹೋಗಿತ್ತು. ಬ್ರೇಕು ಮಾತ್ರ ಬೀಳುತ್ತಿರಲಿಲ್ಲ, ಏಕೆಂದರೆ ಅಲ್ಲಿ ಬ್ರೇಕೇ ಇರಲಿಲ್ಲ.

ಡ್ರೈವರಣ್ಣ ಅನ್ನುವುದು ಊರವರು ಇಟ್ಟ ಹೆಸರು. ಈ ಊರಿಗೆ ಬಂದವನು ಅವನಾಗಿ ಬಂದವನಲ್ಲ, ಬಾಡಿಗೆ ಅಟ್ಟಿದ್ದಕ್ಕೆ ಬಂದವನು. ದೊಡ್ಡ ಊರಿನಲ್ಲಿ ಗಂಡ ಹೆಂಡತಿ ಹನ್ನೊಂದು ಬಾಡಿಗೆ ಮನೆ ಬದಲಾಯಿಸಿದ್ದರು. ಪಿಂಚಣಿಯ ದಿನ ಹತ್ತಿರ ಬಂದ ಹಾಗೆ ಹನ್ನೆರಡನೆಯದು ಕೈಗೆಟುಕುವ ಹಾಗೆ ಕಾಣಲಿಲ್ಲ. ಆಗ ಹೆಂಡತಿ ಯಾರದೋ ಬಾಯಿಂದ ಈ ಕಾಲುವೆ ಊರಿನ ಸುದ್ದಿ ಹಿಡಿದು ತಂದಳು. ದೊಡ್ಡ ಊರಲ್ಲಿ ಒಂದು ಬಚ್ಚಲುಮನೆ ಬರುವ ಬೆಲೆಗೆ ಇಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ನೀರಿನ ಕಡೆಗೆ ಒಂದು ಕಿಟಕಿ ಬರುತ್ತಿತ್ತು. ಪುರಸಭೆಯವರು ಸೇತುವೆ ಎತ್ತಿ ಇಳಿಸಲು ಅನುಭವಸ್ಥ ಚಾಲಕನನ್ನೇ ಹುಡುಕುತ್ತಿದ್ದರು. ಹೆಂಡತಿ ಅರ್ಜಿ ಬರೆದಳು, ಗಂಡ ಸಹಿ ಹಾಕಿದ. ಆ ಮನೆಯಲ್ಲಿ ಬರವಣಿಗೆಯ ಕೆಲಸವೆಲ್ಲ ನಡೆಯುತ್ತಿದ್ದುದೇ ಹಾಗೆ.

ಬಂದ ಮೊದಲ ದಿನ ಪೆಟ್ಟಿಗೆ ಬಿಚ್ಚುವ ಮೊದಲೇ ಅವಳು ಸುತ್ತಿಗೆ ಹುಡುಕಿದಳು. ಹನ್ನೊಂದು ಮನೆಗಳಲ್ಲೂ ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮಾಲೀಕರ ಕಟ್ಟಪ್ಪಣೆ ಇತ್ತು. ಇಲ್ಲಿ ಅಡುಗೆಮನೆಯ ಗೋಡೆಗೆ, ನಟ್ಟ ನಡುವೆ, ಯಾರನ್ನೂ ಕೇಳದೆ ಒಂದು ಮೊಳೆ ಹೊಡೆದಳು. ಅದಕ್ಕೆ ತೂಗುಹಾಕಲು ಏನೂ ಇರಲಿಲ್ಲ. ಹೊಡೆದು, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟಕ್ಕೆ ಕೈಕೊಟ್ಟು ಆ ಬರೀ ಮೊಳೆಯನ್ನು ನೋಡುತ್ತಾ ನಿಂತಳು.

"ಹೇಗಿದೆ ರೀ?" ಎಂದಳು.

"ಮೊಳೆ ಇದ್ದ ಹಾಗಿದೆ," ಎಂದ ಅವನು.

ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಅವನ ಹೊಟ್ಟೆಯಲ್ಲಿತ್ತು. ಊರು ಬಿಡುವ ಹಿಂದಿನ ದಿನ ಅವನು ಡಿಪೋಗೆ ಹೋಗಿ, ಗುಮಾಸ್ತನ ಕಿವಿಯಲ್ಲಿ ಒಂದು ಮಾತು ಹಾಕಿ ಬಂದಿದ್ದ. ಹಳೇ ಡ್ರೈವರುಗಳನ್ನು ಮತ್ತೆ ಕರೆಯುವ ಸಂದರ್ಭ ಬಂದರೆ ತನಗೊಂದು ಕಾಗದ ಹಾಕಬೇಕು. ಮನೆಗಲ್ಲ, ಸೇತುವೆಯ ವಿಳಾಸಕ್ಕೆ. ಎರಡು ಕಡೆ ಸಂಸಾರ ಹೂಡುವ ತಾಕತ್ತು ಅವರಿಗಿರಲಿಲ್ಲ. ಅವನು ವಾಪಸ್ಸು ಹೋದರೆ ಈ ಮನೆ ಮಾರಿ ಹನ್ನೆರಡನೆಯ ಬಾಡಿಗೆ ಗೋಡೆ ಹುಡುಕಬೇಕು, ಅದು ಅವನಿಗೂ ಗೊತ್ತಿತ್ತು. ಆದರೂ ದಿನಾ ಬೆಳಿಗ್ಗೆ ಅಂಚೆಯವನ ಸೈಕಲ್ಲು ಕಂಡ ಕೂಡಲೇ ಅವನ ಕಿವಿ ನೆಟ್ಟಗಾಗುತ್ತಿತ್ತು.

ಬಂದ ಹೊಸತರಲ್ಲಿ ಕೆಲಸವಾದರೂ ಇದ್ದಿದ್ದರೆ ಬೇರೆ ಮಾತು. ಅವರು ಬಂದಾಗ ಹೂಳೆತ್ತಲು ಕಾಲುವೆಯ ನೀರನ್ನೇ ಖಾಲಿ ಮಾಡಿದ್ದರು. ದೋಣಿಯಿಲ್ಲದ ಕಾಲುವೆಗೆ ಸೇತುವೆ ಎತ್ತುವುದೇತಕ್ಕೆ? ಎರಡು ತಿಂಗಳು ಅವನು ಕೆಸರಿನ ಗುಂಡಿಯನ್ನು ಕಾದ. ಹಲ್ಲುಚಕ್ರಗಳಿಗೆ ಗ್ರೀಸು ಹಚ್ಚಿದ. ಹಚ್ಚಿದ್ದನ್ನು ಒರೆಸಿದ. ಮತ್ತೆ ಹಚ್ಚಿದ. ಕಾಲು ಸುಟ್ಟ ಬೆಕ್ಕಿನ ಹಾಗೆ ಸೇತುವೆಯ ಈ ತುದಿಯಿಂದ ಆ ತುದಿಗೆ ತಿರುಗಿದ. ಹಳೇ ಬಸ್ಸಿನ ಒಂದು ಕನ್ನಡಿ ತಂದು, ಕುರ್ಚಿಯಲ್ಲಿ ಕೂತರೆ ಬೆನ್ನ ಹಿಂದಿನ ಸೇತುವೆ ಪೂರ್ತಿ ಕಾಣುವ ಹಾಗೆ ಗೂಡಿನ ಕಿಟಕಿಗೆ ಸ್ಕ್ರೂ ಹಾಕಿ ಕೂರಿಸಿದ. ಜನ ಸೇತುವೆಯ ನಡುವೆ ನಿಂತು ಹರಟೆ ಹೊಡೆದರೆ ಗೂಡಿನಿಂದ ತಲೆ ಹೊರಗೆ ಹಾಕಿ, "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ," ಎಂದು ಕೂಗುತ್ತಿದ್ದ. ಜನ ನಗುತ್ತಿದ್ದರು, ಮುಂದೆ ಮಾತ್ರ ಹೋಗುತ್ತಿರಲಿಲ್ಲ.

ಈ ಊರಿನ ನಿಧಾನ ಅವನಿಗೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಸಮಯಕ್ಕೆ ಸರಿಯಾಗಿ ಹೊರಟು ಸಮಯಕ್ಕೆ ಸರಿಯಾಗಿ ಮುಟ್ಟುವುದು ಅವನ ಜೀವನದ ಒಂದೇ ಹೆಮ್ಮೆಯಾಗಿತ್ತು. ಬಸ್ಸು ಹೊರಟ ಮೇಲೆ ಹಿಂದೆ ಓಡಿ ಬರುವವರನ್ನು ಅವನು ಕನ್ನಡಿಯಲ್ಲಿ ನೋಡುತ್ತಿದ್ದ, ನಿಲ್ಲಿಸುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅವನು ಮರೆತುಬಂದ ಊಟದ ಡಬ್ಬಿ ಹಿಡಿದು ಹೆಂಡತಿಯೇ ಬಸ್ಸಿನ ಹಿಂದೆ ಓಡಿ ಬಂದಿದ್ದಳು. ಕನ್ನಡಿಯಲ್ಲಿ ಕಂಡಿದ್ದಳು, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಚಪ್ಪಲಿ. ಅದು ಸ್ಟಾಪಲ್ಲ, ಅವನು ನಿಲ್ಲಿಸಲಿಲ್ಲ. ಇಪ್ಪತ್ತೇಳು ವರ್ಷದಿಂದ ಅವಳು ಬಂದವರಿಗೆಲ್ಲ ಆ ಕಥೆ ಹೇಳಿ ನಗಿಸುತ್ತಾಳೆ. ಅವನೂ ನಗುತ್ತಾನೆ.

ಕೊನೆಗೆ ಹೂಳು ತೆಗೆದು ಮುಗಿಯಿತು, ನೀರು ಬಿಟ್ಟರು, ದೋಣಿಗಳು ಬಂದವು. ಒಂಟಿ ದೋಣಿ ಬಂದರೆ ಸೇತುವೆ ಐದು ನಿಮಿಷ ಮೇಲೆದ್ದು ಇಳಿಯುತ್ತಿತ್ತು. ಆದರೆ ಮಂಗಳವಾರ ಮತ್ತು ಶುಕ್ರವಾರ ಹತ್ತು ಗಂಟೆಗೆ ಸರಕು ದೋಣಿಗಳ ಸಾಲೇ ಬರುತ್ತಿತ್ತು. ಆಗ ಎತ್ತಿದ ಸೇತುವೆ ಇಳಿಯುವುದು ಹನ್ನೊಂದೂವರೆಗೆ. ಮನೆಗಳೆಲ್ಲ ಈ ದಡದಲ್ಲಿ. ಮಾರುಕಟ್ಟೆ, ಆಸ್ಪತ್ರೆ, ಬಸ್ ನಿಲ್ದಾಣ ಆ ದಡದಲ್ಲಿ.

ಮೊದಲ ಮಂಗಳವಾರ ಬೆಳಿಗ್ಗೆ ಅವನು ಕೆಳಗಿಳಿದು ಹಲ್ಲುಚಕ್ರಕ್ಕೆ ಗ್ರೀಸು ಹಚ್ಚಿ ಮೇಲೆ ಬಂದು ನೋಡುತ್ತಾನೆ, ಗೂಡಿನ ಗೋಡೆಯ ಮೇಲೆ ಹದಿನಾಲ್ಕು ಕೀಲಿಗಳು ನೇತಾಡುತ್ತಿವೆ. ಆ ಗೋಡೆಯಲ್ಲಿ ಸಾಲಾಗಿ ಮೊಳೆಗಳಿದ್ದವು ನಿಜ. ಒಂದರಲ್ಲಿ ಅವನು ಟೋಪಿ ತೂಗುಹಾಕುತ್ತಿದ್ದ. ಈಗ ನೋಡಿದರೆ ಮೊಳೆಗೊಂದು ಕೀಲಿ. ದಾರ ಕಟ್ಟಿದ್ದು, ಉಂಗುರ ಹಾಕಿದ್ದು, ತುಕ್ಕು ಹಿಡಿದದ್ದು.

ಬಸ್ಸಿನವನಿಗೆ ಇದರಲ್ಲಿ ಯೋಚಿಸುವುದೇನಿದೆ? ಪ್ರಯಾಣಿಕರು ಬಿಟ್ಟುಹೋದ ಸಾಮಾನನ್ನು ಅದೇ ಪಾಳಿಯೊಳಗೆ ಪಟ್ಟಿ ಮಾಡಿ ಡಿಪೋಗೆ ಒಪ್ಪಿಸಬೇಕು. ಇಪ್ಪತ್ತೆಂಟು ವರ್ಷದಲ್ಲಿ ಅವನ ಬಸ್ಸಿನಿಂದ ಒಂದು ಛತ್ರಿಯೂ ಕಳೆದುಹೋಗಿರಲಿಲ್ಲ. ಅವನು ಕಾಗದ ತೆಗೆದು ಅಚ್ಚುಕಟ್ಟಾಗಿ ಬರೆದ. ಕಬ್ಬಿಣದ ಕೀಲಿ ಒಂದು, ಕೆಂಪು ದಾರ. ಜೋಡಿ ಕೀಲಿ, ತಗಡಿನ ಬಿಲ್ಲೆ. ಹಿತ್ತಾಳೆ ಕೀಲಿ ಒಂದು, ನೀಲಿ ಗುಂಡಿ ಕಟ್ಟಿದ್ದು. ಹೀಗೆ ಹದಿನಾಲ್ಕು. ಎಲ್ಲವನ್ನೂ ಚೀಲಕ್ಕೆ ಹಾಕಿ, ಕಸದ ಗಾಡಿ ತಳ್ಳಿಕೊಂಡು ಬಂದವಳ ಕೈಲಿ ಪುರಸಭೆ ಕಚೇರಿಗೆ ಕಳಿಸಿಕೊಟ್ಟ. ಹತ್ತು ಗಂಟೆಗೆ ಸರಿಯಾಗಿ ಗಂಟೆ ಬಾರಿಸಿ ಸೇತುವೆ ಎತ್ತಿದ.

ಆ ದಡದಲ್ಲಿ ಹದಿನಾಲ್ಕು ಜನ ಕೈ ಬೀಸಿ ಬೊಬ್ಬೆ ಹಾಕುತ್ತಾ ಓಡಿ ಬಂದರು. ಅವನು ಗೂಡಿನಿಂದ ತಲೆ ಹೊರಗೆ ಹಾಕಿ, "ಮುಂದಿನ ಬಸ್ಸಿಗೆ ಬನ್ನಿ!" ಎಂದು ಕೂಗಿಬಿಟ್ಟ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಹನ್ನೊಂದೂವರೆಗೆ ಸೇತುವೆ ಇಳಿದಾಗ ಎಲ್ಲರಿಗಿಂತ ಮೊದಲು ನುಗ್ಗಿ ಬಂದವಳು ಮೀನು ಮಾರುವವಳು. ಊರಿಗೆಲ್ಲ ಅವಳು ಮೀನಕ್ಕ. ಅವಳ ಹಿಂದೆ ಕ್ಷೌರದ ಅಂಗಡಿಯವನು. ಬ್ಲೇಡು ತರಲೆಂದು ಓಡಿಹೋಗಿದ್ದವನ ಗಿರಾಕಿ ಈ ದಡದಲ್ಲಿ ಅರ್ಧ ಗಡ್ಡಕ್ಕೆ ನೊರೆ ಒಣಗಿಸಿಕೊಂಡು ಕೂತು ಒಂದೂವರೆ ಗಂಟೆಯಾಗಿತ್ತು.

"ಕೀಲಿ ಎಲ್ಲಿ?" ಎಂದಳು ಮೀನಕ್ಕ, ಬೋಳು ಗೋಡೆ ನೋಡಿ.

"ಭದ್ರವಾಗಿದೆ," ಎಂದ ಡ್ರೈವರಣ್ಣ, ಎದೆಯುಬ್ಬಿಸಿ. "ಕಚೇರಿಗೆ ಕಳಿಸಿದೀನಿ. ಗುರುತು ಹೇಳಿ ತಗೋಬಹುದು."

ಆಮೇಲೆ ನಡೆದದ್ದನ್ನು ಆ ಊರವರು ಈಗಲೂ ಚಪ್ಪರಿಸಿ ಹೇಳುತ್ತಾರೆ. ಆ ದಿನವಂತೂ ಅವನ ಕಿವಿಯ ಹುಳು ಉದುರುವ ಹಾಗೆ ಬೈದರು. ಗದ್ದಲ ಕೇಳಿ ಹಳೆಯ ಸೇತುವೆಯಾತ ಕುಂಟುತ್ತಾ ಬಂದ. ನಲವತ್ತೊಂದು ವರ್ಷ ಈ ಸೇತುವೆಯ ಗಂಟೆ ಬಾರಿಸಿ, ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟವನು. ಗಂಟೆ ತಾತ ಎಂದರೆ ಅವನೇ. ಹೊಸಬನಿಗೆ ಚಕ್ರ, ಸರಪಳಿ, ಎಣ್ಣೆ ಎಲ್ಲ ಹೇಳಿಕೊಟ್ಟಿದ್ದವನೂ ಅವನೇ.

"ಕೀಲಿ ವಿಷಯ ನೀವು ಹೇಳ್ಲೇ ಇಲ್ವಲ್ಲ ತಾತ," ಎಂದು ಡ್ರೈವರಣ್ಣ ಅಲವತ್ತುಕೊಂಡ.

"ಉಸಿರಾಡೋದನ್ನ ಯಾರಾದ್ರೂ ಹೇಳಿಕೊಡ್ತಾರೇನಪ್ಪಾ?" ಎಂದ ತಾತ, ಕುರ್ಚಿ ಎಳೆದುಕೊಂಡು ಕೂತು. "ಕೇಳು. ದೋಣಿ ಸಾಲಿನ ದಿನ ಆ ಕಡೆ ಹೋಗೋರು ಇಲ್ಲಿ ಒಂದು ಕೀಲಿ ತೂಗುಹಾಕ್ತಾರೆ. ಮನೇದಾದ್ರೂ ಸರಿ, ಪೆಟ್ಟಿಗೇದಾದ್ರೂ ಸರಿ. 'ಈಗ ಬಂದೆ, ಕಾಯಿ' ಅಂತ ಅದರರ್ಥ. ತಡ ಆಗೋರು ತೂಗುಹಾಕೋದಿಲ್ಲ. ಗೋಡೆ ಮೇಲೆ ಕೀಲಿ ಇರೋ ತನಕ ಸೇತುವೆ ಎತ್ತೋದಿಲ್ಲ."

"ದೋಣಿಯವರು ಬೈಯಲ್ವಾ?"

"ಬೈತಾರೆ. ಕಾಯ್ತಾರೆ."

"ಹೋದೋರು ಬರದೇ ಇದ್ರೆ?"

"ಬರ್ತಾರೆ."

"ಬರದೇ ಇದ್ರೆ ಅಂತೀನಿ."

ತಾತ ಮೊಣಕಾಲು ನೀವಿಕೊಂಡ. "ನಲವತ್ತೊಂದು ವರ್ಷದಲ್ಲಿ ಒಬ್ಬ ಮಾತ್ರ ಬರಲಿಲ್ಲ. ಔಷಧಿ ತರ್ತೀನಿ ಅಂತ ಆಸ್ಪತ್ರೆಗೆ ಹೋದೋನು ಅಲ್ಲೇ ಹೋಗ್ಬಿಟ್ಟ. ಅವನ ಹೆಂಡ್ತಿ ಬಂದು ಕೀಲಿ ತೆಗೆದಳು. ಅದನ್ನ ನಾವು ಮುಟ್ಟೋ ಹಾಗಿಲ್ಲಪ್ಪ. ತೂಗುಹಾಕಿದೋರು ತೆಗೀಬೇಕು, ಇಲ್ಲಾ ಅವರ ಮನೆಯೋರು ತೆಗೀಬೇಕು."

ಹದಿನಾಲ್ಕು ಜನರ ಮೆರವಣಿಗೆ ಕಚೇರಿಗೆ ಹೊರಟಿತು. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಡ್ರೈವರಣ್ಣ ಮುಂದೆ ನಡೆದ. ಕಚೇರಿಯವನು ಊಟ ಮುಗಿಸಿ, ಕೈ ತೊಳೆದು, ಪಟ್ಟಿ ಹಿಡಿದು ಒಂದೊಂದಾಗಿ ಓದತೊಡಗಿದ. ಕೆಂಪು ದಾರ ಮೀನಕ್ಕನದು. ತಗಡಿನ ಬಿಲ್ಲೆ ಕ್ಷೌರದವನದು. ಹದಿಮೂರು ಮುಗಿದು ಕೊನೆಗೊಂದು ಉಳಿಯಿತು.

"ಹಿತ್ತಾಳೆ ಕೀಲಿ ಒಂದು, ನೀಲಿ ಗುಂಡಿ ಕಟ್ಟಿದ್ದು. ಯಾರದು?"

"ನಂದು," ಎಂದು ಹಿಂದಿನಿಂದ ಒಂದು ದನಿ ಬಂತು. ಡ್ರೈವರಣ್ಣ ತಿರುಗಿ ನೋಡಿದರೆ ಅವನ ಹೆಂಡತಿ, ಸೊಪ್ಪಿನ ಚೀಲ ಹಿಡಿದು ನಿಂತಿದ್ದಾಳೆ. ಮೀನಕ್ಕನಿಂದ ಊರಿನ ರೀತಿ ಕಲಿತು, ಎಲ್ಲರ ಹಾಗೆ ತಾನೂ ಕೀಲಿ ತೂಗುಹಾಕಿ ಮಾರುಕಟ್ಟೆಗೆ ಹೋಗಿದ್ದಳು.

ಮನೆಗೆ ಬರುವ ದಾರಿಯಲ್ಲಿ ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬಾಗಿಲಿಗೆ ಕೀಲಿ ಹಾಕಿ ತಿರುವುವಾಗ ಮಾತ್ರ ಕೇಳಿದಳು.

"ನಮ್ಮನೆ ಕೀಲಿ ಕೈಯಲ್ಲಿ ಹಿಡಿದುಕೊಂಡು ಪಟ್ಟೀಲಿ ಬರೆದಿದೀರಲ್ಲಾ ರೀ. ಗುರುತೇ ಸಿಗ್ಲಿಲ್ವಾ?"

ಅಂಥದೇ ಇನ್ನೊಂದು ಕೀಲಿ ಅವನ ಜೇಬಿನಲ್ಲೂ ಇತ್ತು. ದಿನಾ ಅದರಿಂದಲೇ ಬಾಗಿಲು ತೆಗೆಯುತ್ತಿದ್ದ. ಆದರೂ ಒಮ್ಮೆಯಾದರೂ ಅದನ್ನು ಕಣ್ಣಿಟ್ಟು ನೋಡಿರಲಿಲ್ಲ, ಬಾಡಿಗೆ ಮನೆಗಳ ಕೀಲಿಗಳನ್ನು ಹೇಗೆ ನೋಡಿರಲಿಲ್ಲವೋ ಹಾಗೆ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ನಾಚಿಕೆಯಾದರೆ ಕಾಲು ನಿಲ್ಲುತ್ತದೆಯೇ? ಇಲ್ಲ. ಕೀಲಿಗಳ ಶಾಸ್ತ್ರ ಕಲಿತ, ಮಂಗಳವಾರ ಶುಕ್ರವಾರ ಗೋಡೆ ನೋಡಿಯೇ ಸೇತುವೆ ಎತ್ತಿದ. ಆದರೆ ಕಾಯುವ ಆ ಹತ್ತು ಹದಿನೈದು ನಿಮಿಷ ಅವನಿಗೆ ಮುಳ್ಳಿನ ಮೇಲೆ ಕೂತ ಹಾಗಿರುತ್ತಿತ್ತು. ದೋಣಿಗಳು ಹಾರನ್ನು ಹೊಡೆಯುತ್ತಿವೆ, ಗೋಡೆಯಲ್ಲಿ ಒಂದು ಕೀಲಿ ಉಳಿದಿದೆ, ಅದರ ಯಜಮಾನ ಸೇತುವೆಯ ಮೇಲೆ ಯಾರ ಜೊತೆಗೋ ಕ್ಷೇಮ ಸಮಾಚಾರ ಮಾತಾಡುತ್ತಾ ಬರುತ್ತಿದ್ದಾನೆ! ಡ್ರೈವರಣ್ಣ ಕನ್ನಡಿ ನೋಡಿ ಹಲ್ಲು ಕಡಿಯುತ್ತಿದ್ದ. ಇದು ಊರಲ್ಲ, ಕೆಟ್ಟು ನಿಂತ ಗಡಿಯಾರ ಎಂದುಕೊಳ್ಳುತ್ತಿದ್ದ. ಅತ್ತ ಹೆಂಡತಿ ದಿನಕ್ಕೊಂದು ಬೇರು ಬಿಡುತ್ತಿದ್ದಳು. ಅಡುಗೆಮನೆಯಲ್ಲಿ ಈಗ ಏಳು ಮೊಳೆಗಳಾಗಿದ್ದವು, ಏಳರಲ್ಲೂ ಏನೋ ಒಂದು ತೂಗುತ್ತಿತ್ತು.

ಕಾಗದ ಬಂದದ್ದು ಒಂದು ಸೋಮವಾರ. ಡಿಪೋದಲ್ಲಿ ಡ್ರೈವರುಗಳು ಸಾಲುತ್ತಿಲ್ಲ. ಎರಡು ವರ್ಷದ ಮಟ್ಟಿಗೆ ಹಳಬರನ್ನು ತೆಗೆದುಕೊಳ್ಳುತ್ತಾರೆ. ಬರುವ ಶುಕ್ರವಾರ ಸಂಜೆ ನಾಲ್ಕರೊಳಗೆ ಸಮವಸ್ತ್ರದಲ್ಲಿ ಹಾಜರಾಗಬೇಕು, ಆಗದಿದ್ದರೆ ಮುಂದಿನ ಹೆಸರಿಗೆ ಹೋಗುತ್ತದೆ. ಓದಿದ್ದನ್ನೇ ಮೂರು ಸಲ ಓದಿದ, ಸಂತೋಷಕ್ಕೆ. ಇಷ್ಟು ಸಂತೋಷ ತನಗಿನ್ನೂ ಆಗುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ.

ಹೆಂಡತಿಗೆ ಹೇಳಬೇಕು. ಸೋಮವಾರ ಹೇಳಲಿಲ್ಲ. ಮಂಗಳವಾರ ಅವಳು ಅವನ ಅಂಗಿ ಒಗೆಯುತ್ತಾ ಏನೋ ಗುನುಗುತ್ತಿದ್ದಳು. ಕಾಗದ ಜೇಬಿನಲ್ಲೇ ಇದೆ ಎಂದು ನೆನಪಾಗಿ ಅವನು ಹಾವು ತುಳಿದವನ ಹಾಗೆ ಓಡಿದ. ಕಾಗದ ಒದ್ದೆಯಾಗದೆ ಕಿಟಕಿಯ ಕಟ್ಟೆಯ ಮೇಲೆ, ಮೊದಲಿದ್ದ ಮಡಿಕೆಯಲ್ಲೇ ಇತ್ತು. "ಜೇಬಲ್ಲಿ ಏನೋ ಇತ್ತು, ತೆಗೆದಿಟ್ಟಿದೀನಿ," ಎಂದಳು, ತಲೆಯೆತ್ತದೆ. ಅವಳು ಬಿಚ್ಚಿ ನೋಡಿಲ್ಲ ಎಂದು ಅವನು ನಂಬಿದ, ನಂಬುವುದು ಸುಲಭವಾಗಿತ್ತು. ಬುಧವಾರ ಬಾಯಿ ತೆರೆದ, ಅವಳು ಎಂಟನೆಯ ಮೊಳೆ ಎಲ್ಲಿ ಹೊಡೆಯಲಿ ಎಂದು ಕೇಳಿದಳು. ಗುರುವಾರ ಅವನೊಂದು ಉಪಾಯ ಹೂಡಿದ. ಮೊದಲು ಹೋಗಿ ಹಾಜರಾಗುವುದು, ಅಲ್ಲಿಂದ ಫೋನು ಮಾಡಿ ಹೇಳುವುದು. ಎದುರಿಗೆ ನಿಂತು ಅವಳ ಮುಖ ನೋಡುವ ಕಷ್ಟ ತಪ್ಪುತ್ತದೆ. ಇದು ಹೇಡಿತನ ಎಂದು ಅವನಿಗೆ ತಿಳಿಯದೇ ಇರಲಿಲ್ಲ.

ಶುಕ್ರವಾರದ ಪಾಳಿಯನ್ನು ಗಂಟೆ ತಾತನಿಗೆ ಒಪ್ಪಿಸಿದ. ದೊಡ್ಡ ಊರಿನ ಬಸ್ಸು ಆ ದಡದ ನಿಲ್ದಾಣದಿಂದ ಹತ್ತೂಕಾಲಿಗೆ. ನೀಲಿ ಸಮವಸ್ತ್ರದ ಅಂಗಿಯನ್ನೂ ಲೈಸೆನ್ಸನ್ನೂ ಸಂತೆ ಚೀಲದ ತಳಕ್ಕೆ ಹಾಕಿ ಒಂಬತ್ತೂವರೆಗೆ ಹೊರಟ.

"ಚಕ್ರಕ್ಕೆ ಎಣ್ಣೆ ತರಬೇಕು," ಎಂದ.

"ಊಟಕ್ಕೆ ಬರ್ತೀರಲ್ಲ?" ಎಂದಳು.

"ಬರ್ತೀನಿ. ಬರದೆ?"

"ನಿಲ್ಲಿ, ಸೇತುವೆ ತನಕ ನಾನೂ ಬರ್ತೀನಿ. ತಾತನ ಮೊಣಕಾಲಿಗೆ ಬಿಸಿನೀರಿನ ಚೀಲ ಕೊಡ್ಬೇಕು."

ಗೂಡಿನಲ್ಲಿ ತಾತ ಕುರ್ಚಿಯಲ್ಲಿ ಕೂತಿದ್ದ. ಡ್ರೈವರಣ್ಣ ಮೆಲ್ಲಗೆ ದಾಟಿಹೋಗಲು ನೋಡಿದ. ತಾತ ತಲೆಯೆತ್ತದೆ ಕೈ ಮಾತ್ರ ಚಾಚಿದ.

"ಬೇಗಾನೋ, ತಡಾನೋ?"

ತಡ ಎಂದರೆ ಕೀಲಿ ಬೇಕಿಲ್ಲ, ಸೀದಾ ನಡೆದುಬಿಡಬಹುದು. ಆದರೆ ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಎಣ್ಣೆ ತರಲು ಹೋಗುವವನಿಗೆ ಎಂಥ ತಡ? ಅವಳು ಅವನನ್ನೇ ನೋಡುತ್ತಿದ್ದಳು.

"ಬೇಗ," ಎಂದ. ಜೇಬಿನಿಂದ ಹಿತ್ತಾಳೆ ಕೀಲಿ ತೆಗೆದುಕೊಟ್ಟ. ತಾತ ಅದನ್ನು ಮೊಳೆಗೆ ತೂಗುಹಾಕಿದ. ಮೂರು ತಿಂಗಳಲ್ಲಿ ಅವನ ಕೀಲಿ ಆ ಗೋಡೆ ಏರಿದ್ದು ಅದೇ ಮೊದಲು.

ಸೇತುವೆ ದಾಟುವಾಗ ಅವನು ಹಿಂತಿರುಗಿ ನೋಡಲಿಲ್ಲ. ತಾತ ಒಂದಷ್ಟು ಹೊತ್ತು ಕಾದು ಎತ್ತಿಬಿಡುತ್ತಾನೆ, ಒಂದು ಕೀಲಿಗಾಗಿ ಯಾರು ಊರನ್ನೇ ನಿಲ್ಲಿಸುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ನಿಲ್ದಾಣದಲ್ಲಿ ಬಸ್ಸು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ. ಹತ್ತೂಕಾಲಿಗೆ ಸರಿಯಾಗಿ ಕಂಡಕ್ಟರು "ರೈಟ್ ರೈಟ್" ಎಂದ. ಆ ಸದ್ದಿಗೆ ಅವನ ಮೈಯೆಲ್ಲ ಜುಮ್ಮೆಂದಿತು. ಎಂಜಿನ್ನಿನ ನಡುಕ ಅಂಗಾಲಿನಿಂದ ಏರಿ ಬಂತು. ಆಹಾ, ಇದು ಬದುಕು.

ಚೀಲದಿಂದ ನೀಲಿ ಅಂಗಿ ತೆಗೆದು ಮೇಲೆ ತೊಟ್ಟ. ಮೇಲಿನ ಗುಂಡಿ ಹಾಕಿದ. ಎರಡನೆಯದಕ್ಕೆ ಬೆರಳು ಹೋಯಿತು, ಗುಂಡಿ ಇರಲಿಲ್ಲ. ಉದುರಿದ್ದಲ್ಲ. ಬುಡದಲ್ಲಿ ದಾರವನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿದ ಗುರುತಿತ್ತು. ಇಷ್ಟು ವರ್ಷದಲ್ಲಿ ಅವನ ಅಂಗಿಯ ಒಂದು ಗುಂಡಿಯೂ ಕಳೆದುಹೋಗಲು ಬಿಟ್ಟವಳಲ್ಲ ಅವಳು. ಅವನಿಗೆ ತಾನೇ ಬರೆದ ಪಟ್ಟಿ ನೆನಪಾಯಿತು. ಹಿತ್ತಾಳೆ ಕೀಲಿ ಒಂದು, ನೀಲಿ ಗುಂಡಿ ಕಟ್ಟಿದ್ದು. ಇನ್ನು ಈ ಅಂಗಿ ಬೇಕಾಗುವುದಿಲ್ಲ ಎಂದು ನಂಬಿ ತನ್ನ ಮೊದಲ ಸ್ವಂತ ಮನೆಯ ಕೀಲಿಗೆ ಅವಳು ಕಟ್ಟಿಕೊಂಡದ್ದು ಇದನ್ನೇ. ಅದೂ ಎದೆಯ ಮೇಲಿನ ಗುಂಡಿ.

ಬಸ್ಸು ಕಾಲುವೆಯ ದಡದ ರಸ್ತೆಗೆ ತಿರುಗಿತು. ಕಿಟಕಿಯಾಚೆ ಸರಕು ದೋಣಿಗಳ ಸಾಲು ನಿಂತಿತ್ತು. ಒಂದರ ಹಿಂದೆ ಒಂದು, ಹತ್ತು, ಹನ್ನೆರಡು. ದೋಣಿಯವರು ಮೇಲೆ ಹತ್ತಿ ಸೊಂಟಕ್ಕೆ ಕೈಕೊಟ್ಟು ಸೇತುವೆಯ ಕಡೆ ನೋಡುತ್ತಿದ್ದರು. ಹಾರನ್ನುಗಳು ಒಂದಾದ ಮೇಲೊಂದು ಕೂಗುತ್ತಿದ್ದವು.

"ಹತ್ತೂ ಇಪ್ಪತ್ತಾಯ್ತು, ಇನ್ನೂ ಸೇತುವೆ ಎತ್ತಿಲ್ವಲ್ಲ," ಎಂದ ಬಸ್ಸಿನ ಡ್ರೈವರು.

"ಯಾರೋ ಹೋದೋನು ಬಂದಿಲ್ಲ ಅಂತ ಕಾಣುತ್ತೆ," ಎಂದ ಕಂಡಕ್ಟರು. "ಎಲ್ಲಿ ಹಾಳಾಗಿ ಹೋದನೋ ಪುಣ್ಯಾತ್ಮ."

ಡ್ರೈವರಣ್ಣ ಸೀಟಿನಿಂದ ಎದ್ದು ನಿಂತ. ಆಸ್ಪತ್ರೆಗೆ ಹೋದವನ ಹೆಂಡತಿ ಗೋಡೆಯಿಂದ ಕೀಲಿ ತೆಗೆದದ್ದು ನೆನಪಾಯಿತು.

"ಸ್ವಲ್ಪ ನಿಲ್ಸಪ್ಪಾ, ಇಳೀಬೇಕು," ಎಂದ.

"ಇಲ್ಲಿ ಸ್ಟಾಪಿಲ್ಲ ಯಜಮಾನ್ರೇ," ಎಂದ ಬಸ್ಸಿನ ಡ್ರೈವರು. ಸರಿಯಾದ ಉತ್ತರ. ತಾನಾಗಿದ್ದರೂ ಅದನ್ನೇ ಹೇಳುತ್ತಿದ್ದ.

ಆಗ ಅವನ ಗಂಟಲಿನಿಂದ ಇಪ್ಪತ್ತೆಂಟು ವರ್ಷ ಕಂಡಕ್ಟರುಗಳ ಬಾಯಿಂದ ಬರೀ ಕೇಳಿಸಿಕೊಂಡಿದ್ದ ಕೂಗು ಹೊರಗೆ ಬಂತು. "ಹೋಲ್ಡಾನ್!" ಬಲಗಾಲು ನೆಲವನ್ನು ಒದ್ದಿತು. ಮುಂದಿನ ಸೀಟಿನವನ ಕಾಲೂ ಯೋಚನೆ ಮಾಡದೆ ಬ್ರೇಕಿನ ಮೇಲೆ ಬಿತ್ತು. ಬಸ್ಸು ಕಿರ್ರೆಂದು ನಿಂತಿತು. ಹಿಂದಿನಿಂದ ಬೈಗುಳದ ಮಳೆ ಬಿತ್ತು. ಅಷ್ಟರಲ್ಲಿ ಅವನು ಇಳಿದಾಗಿತ್ತು.

ಐವತ್ತಾರು ವರ್ಷದ, ಕೂತೇ ದುಡಿದ ಹೊಟ್ಟೆಯ ಮನುಷ್ಯ, ಸಂತೆ ಚೀಲ ಬಗಲಲ್ಲಿ ಅವುಚಿಕೊಂಡು ಕಾಲುವೆಯ ದಡದ ಮೇಲೆ ಓಡಿದ. ದೋಣಿಯವರು ಅವನನ್ನು ಕಂಡು, "ಇವನೇ ಇರ್ಬೇಕು, ಓಡೋ ಮಾರಾಯ, ಓಡು!" ಎಂದು ಕೂಗಿದರು. ಚಪ್ಪಲಿ ಕಿತ್ತಿತು. ಕೈಯಲ್ಲಿ ಹಿಡಿದುಕೊಂಡು ಓಡಿದ. ಓಡುವವನಿಗೆ ದಾರಿ ಇಷ್ಟು ಉದ್ದವಿರುತ್ತದೆ ಎಂದು ಡ್ರೈವರನ ಸೀಟಿನಿಂದ ಅವನಿಗೆ ಎಂದೂ ಕಂಡಿರಲಿಲ್ಲ.

ಸೇತುವೆ ಇನ್ನೂ ಇಳಿದೇ ಇತ್ತು. ಈ ದಡದಲ್ಲಿ ತಮ್ಮ ತಮ್ಮ ಕೀಲಿ ತೆಗೆದುಕೊಂಡವರು ಯಾರೂ ಮನೆಗೆ ಹೋಗಿರಲಿಲ್ಲ, ಗೂಡಿನ ಮುಂದೆ ಗುಂಪುಗಟ್ಟಿ ನಿಂತಿದ್ದರು. ಅವನು ಏದುಸಿರು ಬಿಡುತ್ತಾ ಬಂದಾಗ ಮೀನಕ್ಕ ದಾರಿ ಬಿಟ್ಟಳು.

"ಎಲ್ಲಿಗೆ ಹೋಗಿದ್ಯೋ ಡ್ರೈವರಣ್ಣಾ? ಐದು ನಿಮಿಷ ಕಾಯ್ರಿ, ಐದೇ ನಿಮಿಷ ಅಂತ ಆ ಹೆಣ್ಣುಮಗಳು ಐದು ಸಲ ಕೇಳಿದಾಳೆ. ದೋಣಿಯೋರ ಹತ್ರಾನೂ ಬೈಸಿಕೊಂಡ್ಲು."

ಗೂಡಿನೊಳಗೆ ತಾತ ನೆಲ ನೋಡುತ್ತಾ ಕೂತಿದ್ದ. ಹೆಂಡತಿ ಗೋಡೆಯ ಪಕ್ಕದಲ್ಲಿ ನಿಂತಿದ್ದಳು. ಅವಳ ಕೈ ಮೇಲಕ್ಕೆ, ಮೊಳೆಯ ಹತ್ತಿರ ಹೋಗಿತ್ತು. ಕೀಲಿ ಇನ್ನೂ ಮೊಳೆಯಲ್ಲೇ ಇತ್ತು. ಅವಳು ಕೈ ಇಳಿಸಿ ಅವನ ಕಡೆ ತಿರುಗಿದಳು. ನೀಲಿ ಅಂಗಿಯನ್ನು ನೋಡಿದಳು, ಗುಂಡಿಯಿಲ್ಲದ ಜಾಗವನ್ನು ನೋಡಿದಳು, ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿದಳು.

"ಎಣ್ಣೆ ಸಿಕ್ತಾ?" ಎಂದಳು.

"ಇಲ್ಲ ಕಣೇ." ಅವನಿಗೆ ಉಸಿರು ಸಿಗಲಿಲ್ಲ. "ಕಾಗದ..."

"ಮಂಗಳವಾರಾನೇ ಓದಿದೀನಿ."

"ಮತ್ತೆ ಕೇಳ್ಲೇ ಇಲ್ವಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ. ಬೆಳಿಗ್ಗೆ ಇಲ್ಲೀವರೆಗೂ ಬಂದು ಕಾದೆ." ಅವಳ ದನಿ ಆಗ ಒಡೆಯಿತು. "ಹತ್ತೂವರೆ ಆಯ್ತು. ಎಷ್ಟು ಜನಾನ ನಿಲ್ಲಿಸೋದು ನಾನು? ತೆಗೆದೇಬಿಡೋಣ ಅಂತ ಕೈ ಎತ್ತಿದೆ."

"ತೆಗೀಲಿಲ್ವಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅವನೇ ಕಿಟಕಿಗೆ ಕೂರಿಸಿದ್ದ ಕನ್ನಡಿಯ ಕಡೆಗೆ ಗಲ್ಲ ತಿರುಗಿಸಿದಳು.

"ಅದರಲ್ಲಿ ನೀವು ಓಡಿ ಬರೋದು ಕಾಣಿಸ್ತು," ಎಂದಳು. "ಅದಕ್ಕೇ ನಿಂತೆ."

ಹೊರಗೆ ಹನ್ನೆರಡು ದೋಣಿಗಳು ಒಟ್ಟಿಗೆ ಹಾರನ್ನು ಹೊಡೆದವು. ಅವನು ಮೊಳೆಯಿಂದ ತನ್ನ ಕೀಲಿ ತೆಗೆದುಕೊಂಡು, ಚಕ್ರದ ಹಿಡಿಗೆ ಕೈ ಹಾಕಿ, ಗಂಟೆ ಬಾರಿಸಲು ತಾತನಿಗೆ ಹೇಳಿದ.